ಬೀಸುಕಲ್ಲಿಗೆ ಹೇಳಿದ ಹೊಟ್ಟೆನೋವು

ನಾನು ಹನ್ನೊಂದು ವರ್ಷದವಳಿದ್ದಾಗ ನಮ್ಮ ಮನೆಯ ಮಕ್ಕಳಿಗೆ ಮನಸ್ಸು ಅನ್ನುವುದು ಇರಲಿಲ್ಲ, ಹೊಟ್ಟೆ ಮಾತ್ರ ಇತ್ತು. ಹುಡುಗಿ ಅತ್ತರೆ ಹೊಟ್ಟೆನೋವು, ಮಾತಾಡದೆ ಮೂಲೆ ಸೇರಿದರೆ ಹೊಟ್ಟೆಯುಬ್ಬರ, ಉಣ್ಣಲೊಲ್ಲೆ ಅಂದರೆ ಹೊಟ್ಟೆಯಲ್ಲಿ ಜಂತು. ಮೂರಕ್ಕೂ ಅವ್ವನ ಹತ್ತಿರ ಮದ್ದಿತ್ತು. ಮೊದಲು ಉಪ್ಪು ಬೆರೆಸಿದ ಅಜವಾನ. ಅದಕ್ಕೆ ಬಗ್ಗದಿದ್ದರೆ ಔಡಲೆಣ್ಣೆ. ಅದಕ್ಕೂ ಬಗ್ಗದವರಿಗೆ ಯಾರದೋ ದೃಷ್ಟಿ ತಾಗಿದೆ ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಔಡಲೆಣ್ಣೆಯ ಹೆಸರು ಕೇಳಿದರೇ ಸಾಕು, ಮುಕ್ಕಾಲು ದುಃಖ ತಾನಾಗಿ ಇಳಿದು ಹೋಗುತ್ತಿತ್ತು. ಹಾಗಾಗಿ ಅವ್ವನ ಮದ್ದು ಪೂರಾ ಸುಳ್ಳೆಂದು ಹೇಳುವಂತಿಲ್ಲ.

ದೊಡ್ಡವರ ಸ್ಥಿತಿಯೂ ಅಷ್ಟಕ್ಕಷ್ಟೇ. ಅಪ್ಪ ಹುಕ್ಕೇರಿಯ ಸಂತೆಯಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ. ಅವನಿಗೆ ಇದ್ದದ್ದು ಎರಡೇ ಭಾವನೆ, ಹಸಿವು ಮತ್ತು ಸಿಟ್ಟು. ಎರಡೂ ಒಂದೇ ಹೊತ್ತಿಗೆ ಬರುತ್ತಿದ್ದವಾದ್ದರಿಂದ ಅವು ಬೇರೆ ಬೇರೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಸ್ವಾತಂತ್ರ್ಯ ಬರುವುದಕ್ಕೆ ಇನ್ನೂ ಕೆಲವು ವರ್ಷ ಇದ್ದ ಕಾಲ ಅದು. ಊರಲ್ಲಿ ಎಲ್ಲರ ಮನೆಯ ಗಂಡಸರೂ ಹೀಗೇ ಇದ್ದರೆಂದು ಕಾಣುತ್ತದೆ, ಯಾಕೆಂದರೆ ಅಪ್ಪನ ಬಗ್ಗೆ ಯಾರೂ ದೂರಿದ್ದು ನಾನು ಕೇಳಿಲ್ಲ.

ನಮ್ಮ ಮನೆಯಲ್ಲಿ ಮಾತಿಗೆ ಒಂದು ಜಾಗ ಅಂತ ಇದ್ದರೆ ಅದು ಬೀಸುಕಲ್ಲು. ಕೋಳಿ ಕೂಗುವ ಹೊತ್ತಿಗೆ ಅಕ್ಕ ನನ್ನನ್ನು ಎಬ್ಬಿಸುತ್ತಿದ್ದಳು. ಅವಳು ಆ ಕಡೆ, ನಾನು ಈ ಕಡೆ, ನಡುವೆ ಕಲ್ಲು, ಒಂದೇ ಗೂಟದ ಮೇಲೆ ಇಬ್ಬರ ಕೈ. ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಗೂಟ ಎಳೆಯುವುದು ಅವಳ ಕೆಲಸ, ಅವಳ ಕೈಗೆ ಕೈ ಕೊಟ್ಟು ತೂಕಡಿಸುವುದು ನನ್ನ ಕೆಲಸ. ಮಂಡಿಗೆ ತಲೆ ಹಚ್ಚಿ ನಾನು ನಿದ್ದೆ ಹೋದರೂ ನನ್ನ ಕೈ ಮಾತ್ರ ಅವಳ ಜತೆ ಸುತ್ತುತ್ತಲೇ ಇರುತ್ತಿತ್ತು. ಹೀಗೆ ಎರಡು ವರ್ಷ ನಾನು ನಿದ್ದೆಯಲ್ಲೇ ಜೋಳ ಬೀಸಿ, ಬೀಸಿದ ಹೆಮ್ಮೆಯನ್ನು ಎಚ್ಚರದಲ್ಲಿ ಪಟ್ಟಿದ್ದೇನೆ.

ಆ ವರ್ಷ ಚಳಿ ಕಳೆಯುತ್ತಿದ್ದಂತೆ ಅಕ್ಕನಿಗೆ ಮೂಡಲಗಿಯ ಮನೆತನವೊಂದು ಗೊತ್ತಾಯಿತು. ವರ ಬಂದ, ಕರಿಗಡುಬು ಉಂಡ, ಮೀಸೆ ಒರೆಸಿಕೊಂಡ, ಲಗ್ನ ಗಟ್ಟಿ ಮಾಡಿಕೊಂಡು ಹೋದ. ಉಂಡೂ ಹೋದ, ಕೊಂಡೂ ಹೋದ ಅನ್ನುತ್ತಾರಲ್ಲ, ಅದು ಇವನನ್ನು ನೋಡಿಯೇ ಹುಟ್ಟಿದ ಮಾತೆಂದು ನಾನು ಬಹಳ ದಿನ ನಂಬಿದ್ದೆ. ಮರುದಿನವೇ ಅವ್ವ ಅಕ್ಕನನ್ನು ಬೀಸುಕಲ್ಲಿನಿಂದ ಬಿಡಿಸಿದಳು. ಲಗ್ನ ಗಟ್ಟಿಯಾದ ಹುಡುಗಿಯ ಅಂಗೈಯಲ್ಲಿ ಬೊಬ್ಬೆ ಇರಬಾರದಂತೆ, ನೋಡಿದವರು ಏನಂದಾರು. ನನ್ನ ಅಂಗೈಯನ್ನು ನೋಡುವವರು ಸದ್ಯ ಯಾರೂ ಇರಲಿಲ್ಲ. ಹಾಗಾಗಿ ಕಲ್ಲು ಪೂರಾ ನನ್ನ ಪಾಲಿಗೆ ಬಂತು.

ಒಬ್ಬಳೇ ಎಳೆದ ಮೇಲೆ ಗೊತ್ತಾಯಿತು, ಕಲ್ಲಿಗೆ ತೂಕ ಇದೆ ಅಂತ. ಆ ದಿನ ಮಧ್ಯಾಹ್ನ ಅಕ್ಕ ಹೊಸ ಬಳೆ ಇಟ್ಟುಕೊಂಡು, ಕೈ ಹಿಂದೆ ಮುಂದೆ ತಿರುಗಿಸಿ, "ಹೆಂಗ ಕಾಣ್ತಾವ?" ಅಂತ ಕೇಳಿದಳು. ನಾನು ಹಿಂದೆ ಮುಂದೆ ನೋಡದೆ ಅಂದೆ, "ನನಗೇನ ಕೇಳ್ತಿ? ಯಾವಾಗ ಹೋಗ್ತಿ ಹೇಳು. ಲಗೂನ ಹೋಗು, ಮನಿ ಖಾಲಿ ಆಗ್ಲಿ."

ಅಕ್ಕ ನಕ್ಕಳು. "ಹೋಗ್ತೀನಿ ತಡಿ, ಅಷ್ಟ್ಯಾಕ ಅವಸರ?" ಅಂದಳು. ಅವಳು ಆ ನಗುವನ್ನು ಅಂದಿನಿಂದ ಅರಿಷಿಣ ಬೀಸುವ ದಿನದ ತನಕ ಮುಖದಿಂದ ಇಳಿಸಲಿಲ್ಲ. ಬಂದವರಿಗೆಲ್ಲ ಅದೇ ನಗು. ಹುಡುಗಿಗೆ ಎಷ್ಟು ಖುಷಿ ನೋಡಿರಿ ಅಂತ ಓಣಿಯೆಲ್ಲ ಮಾತಾಡಿಕೊಂಡಿತು. ನಾನೂ ಹಾಗೇ ತಿಳಿದೆ, ಅದರಿಂದ ನನ್ನ ಹೊಟ್ಟೆ ಇನ್ನಷ್ಟು ನೋಯತೊಡಗಿತು.

ಈ ಸಲದ ಹೊಟ್ಟೆನೋವು ಸಾಮಾನ್ಯದ್ದಲ್ಲ. ಅಜವಾನಕ್ಕೆ ಜಗ್ಗಲಿಲ್ಲ, ಔಡಲೆಣ್ಣೆಗೂ ಅಂಜಲಿಲ್ಲ. ಸಾಲಿಯಲ್ಲಿ ಮಾಸ್ತರರು ಮಗ್ಗಿ ಕೇಳಿದರೆ ನೋವು, ಕೇಳದಿದ್ದರೂ ನೋವು. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಕ್ಕಿದ್ದ ಕಾಕಾ ಸೂಟಿಗೆ ಊರಿಗೆ ಬಂದವನು, "ಕರದಂಟ ತಿನ್ನಸ್ರಿ, ಎಲ್ಲಾ ಸುದ್ದ ಆಗ್ತೈತಿ" ಅಂತ ಒಂದು ಪೊಟ್ಟಣ ಕೊಟ್ಟ. ನಾನು ಕರದಂಟನ್ನು ಪೂರಾ ತಿಂದೆ, ನೋವನ್ನು ಪೂರಾ ಉಳಿಸಿಕೊಂಡೆ. ಓಣಿಯ ಹೆಂಗಸರು ಮಾತ್ರ ಒಂದೇ ನೋಟಕ್ಕೆ ರೋಗ ಪತ್ತೆ ಹಚ್ಚಿದರು: "ಅಕ್ಕನ ಸೀರಿ ನೋಡಿ ಹೊಟ್ಟಿಕಿಚ್ಚ ಬಂದೈತಿ ಹುಡುಗಿಗೆ." ಅದು ಇರಬಹುದೇನೋ ಎಂದು ಅಕ್ಕನ ಹೊಸ ಸೀರೆಯನ್ನು ಕದ್ದು ಮೈಮೇಲೆ ಹಾಕಿಕೊಂಡು ನೋಡಿದೆ. ಸೀರೆ ಚೆನ್ನಾಗಿತ್ತು, ಹೊಟ್ಟೆ ಹಾಗೇ ಇತ್ತು.

ರೋಗ ಬಯಲಾದದ್ದು ಅಪ್ಪನ ತಾಟಿನಲ್ಲಿ. ನಾನೊಬ್ಬಳೇ ಬೀಸತೊಡಗಿದ ಎಂಟನೆಯ ದಿನ ಅವನು ರೊಟ್ಟಿ ಎತ್ತಿ ಹಿಡಿದರೆ ಅದು ನಡುವೆ ಹರಿದು ಪಲ್ಯದಲ್ಲಿ ಬಿತ್ತು. "ಏನ್ ಹಿಟ್ಟೈತಿ ಇದು? ರವಾ ತಟ್ಟೀರೇನು?" ಅಂತ ಗುಡುಗಿದ. ಅವ್ವ ನನ್ನ ಕಡೆ ನೋಡಿದಳು. ನಾನು ಹೊಟ್ಟೆ ಹಿಡಿದುಕೊಂಡೆ.

ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಅವಳ ಕಣ್ಣು ಮಂಜಾಗಿದ್ದವು, ಆದರೆ ಬೆರಳಿಗೆ ಕಣ್ಣಿದ್ದವು. ಅವಳು ಹಿಟ್ಟಿನ ಡಬ್ಬಿ ತರಿಸಿ, ಒಂದು ಚಿಟಿಕೆ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ತಿಕ್ಕಿ ನೋಡಿದಳು. ಅವ್ವ ಆಗಲೇ ಔಡಲೆಣ್ಣೆಯ ಬಾಟಲಿಗೆ ಕೈ ಚಾಚಿದ್ದಳು.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ," ಅಂದಳು ಆಯಿ. "ಆ ಎಣ್ಣಿ ಇಡವಾ ಅತ್ತಾಗ. ಇದು ಹೊಟ್ಟಿ ಬ್ಯಾನಿ ಅಲ್ಲ. ಹಿಟ್ಟ ಉದುರುದುರು ಬಂದೈತಿ. ಹುಡುಗಿ ಸಿಟ್ಟಿಲೆ ಬೀಸೇತಿ."

ನನಗೆ ಕಳ್ಳತನ ಸಿಕ್ಕಿಬಿದ್ದಷ್ಟು ಆಶ್ಚರ್ಯ. ನನಗೇ ಗೊತ್ತಿಲ್ಲದ ಸಿಟ್ಟು ಜೋಳದ ಹಿಟ್ಟಿಗೆ ಹೇಗೆ ಗೊತ್ತಾಯಿತು? ಆಯಿಯ ಲೆಕ್ಕ ಸರಳವಿತ್ತು. ಸಿಟ್ಟಿನಲ್ಲಿದ್ದವರು ಗೂಟವನ್ನು ಜೋರಾಗಿ ತಿರುಗಿಸಿ, ಹಿಡಿ ಹಿಡಿ ಕಾಳು ಸುರಿಯುತ್ತಾರೆ, ಹಿಟ್ಟು ತರಿ ಬರುತ್ತದೆ. ದುಃಖದಲ್ಲಿದ್ದವರ ಕೈ ನಿಧಾನ, ಅವರ ಹಿಟ್ಟು ನುಣ್ಣಗೆ. ಅಂಜಿಕೆ ಇದ್ದವರು ಕಾಳು ಹಾಕುವುದನ್ನೇ ಮರೆತು ಬರೇ ಕಲ್ಲು ತಿರುಗಿಸುತ್ತಾರೆ, ಆಗ ಹಿಟ್ಟಿನಲ್ಲಿ ಕಲ್ಲಿನ ಪುಡಿ ಬರುತ್ತದೆ. ಎಷ್ಟೋ ವರ್ಷದಿಂದ ನಮ್ಮ ಮನೆಯ ಹೆಂಗಸರ ಮನಸ್ಸನ್ನು ಅವಳು ಹೀಗೆ ರೊಟ್ಟಿ ತಟ್ಟುವ ಮೊದಲೇ ಓದಿ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು.

ಮರುದಿನ ನಸುಕಿಗೆ ಕಲ್ಲಿನ ಆ ಕಡೆ ಆಯಿ ಬಂದು ಕೂತಳು. ಗೂಟ ಹಿಡಿಯಲಿಲ್ಲ, ಕಾಳಿನ ಬುಟ್ಟಿಯನ್ನು ಮಾತ್ರ ತನ್ನ ಮಡಿಲಿಗೆ ಎಳೆದುಕೊಂಡಳು.

"ಎಲ್ಲಿ ನೋಯ್ತೈತಿ?"

"ಹೊಟ್ಟ್ಯಾಗ."

"ಕೈ ಇಟ್ಟ ತೋರಸು."

ಇಟ್ಟೆ. ಕೈ ಹೊಟ್ಟೆಯ ಮೇಲೆ ನಿಲ್ಲದೆ ಸರಿಯುತ್ತ ಸರಿಯುತ್ತ ಎದೆ ದಾಟಿ ಗಂಟಲಿಗೆ ಬಂದು ನಿಂತಿತು. ನನಗೆ ನಾಚಿಕೆಯಾಯಿತು, ಇಷ್ಟು ದಿನ ಎಣ್ಣೆ ಕುಡಿದದ್ದು ದಂಡವಾಯಿತಲ್ಲ ಅಂತ.

"ಗಂಟಲದಾಗ ಸಿಕ್ಕೊಂಡಿದ್ದು ಮಾತು," ಅಂದಳು ಆಯಿ. "ಅದು ಅಜವಾನಕ್ಕ ಕರಗೂದಿಲ್ಲ. ಒಂದ ಹಿಡಿ ಕಾಳಿಗೆ ಒಂದ ಮಾತ ಹೇಳು, ಹೇಳಿದ್ರ ಕಾಳ ಹಾಕ್ತೀನಿ. ಇಲ್ಲಾಂದ್ರ ಇಲ್ಲ. ಯಾರ ಮ್ಯಾಲ ಸಿಟ್ಟು?"

"ಯಾರ ಮ್ಯಾಲೂ ಇಲ್ಲ."

ಕಾಳು ಬೀಳಲಿಲ್ಲ. ಕಲ್ಲು ಕಲ್ಲಿಗೆ ತಿಕ್ಕಿ ಕರಕರ ಅಂದಿತು.

"ಯಾರರ ಕೇಳಿದ್ರ?" ಅಂದೆ.

"ಯಾರ ಕೇಳ್ತಾರ? ಕಲ್ಲಿಗೆ ಹೇಳಿದ್ದು ಕಲ್ಲಿಗೆ. ನಿಮ್ಮ ಅವ್ವ ನನ್ನ ಎಷ್ಟ ಬೈದಾಳ ಇದರ ಮುಂದ, ನಾ ಒಂದಿನರ ಆಕಿನ್ನ ಕೇಳೇನೇನು? ನಾನೂ ನಮ್ಮ ಅತ್ತಿನ್ನ ಇಲ್ಲೇ ಬೈದೀನಿ."

ಇದು ನಮ್ಮ ಕಡೆಯ ಹೆಂಗಸರ ಹಳೆಯ ಕರಾರು. ಬೀಸುವಾಗ ಹಾಡಿದ ಮಾತಿಗೆ ಜಗಳ ತೆಗೆಯುವಂತಿಲ್ಲ, ಅದನ್ನು ಹೊರಗೆ ಒಯ್ಯುವಂತಿಲ್ಲ. ಬೇಕಾದರೆ ಎದುರು ಕೂತು ಹಾಡಿನಲ್ಲೇ ಉತ್ತರ ಕೊಡಬಹುದು. ಗಂಡಸರಿಗೆ ಚಾವಡಿ ಇತ್ತು, ಹೆಂಗಸರಿಗೆ ಕಲ್ಲು. ಚಾವಡಿಗಿಂತ ಕಲ್ಲಿನ ಮುಂದೆ ನ್ಯಾಯ ಲಗೂ ಮುಗಿಯುತ್ತಿತ್ತು, ಜತೆಗೆ ಹಿಟ್ಟೂ ಆಗುತ್ತಿತ್ತು.

ಹಾಗೆ ಶುರುವಾಯಿತು ನನ್ನ ಬೈಗಳ. ಮೊದಲ ದಿನ ವರನ ಮೀಸೆ. ಎರಡನೆಯ ದಿನ ವರನ ಜತೆ ಬಂದಿದ್ದ ಅವನ ತಾಯಿ, ನಮ್ಮ ಬೀಗತಿ. ಅವರ ಮೂಗು ಸ್ವಲ್ಪ ಉದ್ದ, ದೇವರು ಅದನ್ನು ನನ್ನ ಅನುಕೂಲಕ್ಕೇ ಮಾಡಿದಂತಿತ್ತು. ಮೂರನೆಯ ದಿನ ಬಳೆಗಾರ, ಆಮೇಲೆ ಅವ್ವ, ಆಮೇಲೆ ಮೂಡಲಗಿಯಿಂದ ಬರುವ ಗಾಡಿ, ಅದರ ಎತ್ತು. ಆಯಿ ಎಲ್ಲದಕ್ಕೂ ಹೂಂ ಅಂದು ಒಂದೊಂದು ಹಿಡಿ ಕಾಳು ಹಾಕಿದಳು. "ಚಲೋ ಬೈದಿ. ಇದನ್ನ ಹಾಡಿನ್ಯಾಗ ಕೂಡಸು," ಅನ್ನುತ್ತಿದ್ದಳು. ಬೈಗಳವನ್ನು ಹಾಡಿಗೆ ಕೂಡಿಸುವುದು ಕಷ್ಟದ ಕೆಲಸ. ಕೂಡಿಸುವಷ್ಟರಲ್ಲಿ ಅರ್ಧ ಸಿಟ್ಟು ಆರಿಹೋಗುತ್ತದೆ. ಬೀಗತಿಯ ಮೇಲೆ ಕಟ್ಟಿದ ಪದವಂತೂ ಎಷ್ಟು ಚೆನ್ನಾಗಿ ಬಂತೆಂದರೆ, ದಿನಾ ನಸುಕಿನಲ್ಲಿ ಮೊದಲು ಅದನ್ನೇ ಹಾಡಿ ಶುರು ಮಾಡುವ ರೂಢಿಯಾಯಿತು.

ಒಂದು ದಿನ ಬೈಯಲು ಜನ ಮುಗಿದರು. "ಇನ್ನ ಯಾರೂ ಉಳದಿಲ್ಲ ಆಯಿ," ಅಂದೆ.

"ಒಬ್ಬಾಕಿ ಉಳದಾಳ."

ಅಕ್ಕ ಅಂತ ಗೊತ್ತಿತ್ತು. ಬಾಯಿ ತೆಗೆದೆ, ಬೈಗಳ ಬರಲಿಲ್ಲ. ಗೂಟ ತಿರುಗಿಸುತ್ತಲೇ ಇದ್ದೆ, ಆಯಿ ಕಾಳು ಹಾಕುತ್ತಿಲ್ಲವೆಂಬುದೂ ತಿಳಿಯಲಿಲ್ಲ. ಕಲ್ಲು ಕರಕರ ಅನ್ನುತ್ತಿತ್ತು. "ನಾ ಆಕಿಗೆ ಲಗೂನ ಹೋಗ ಅಂದೆ ಆಯಿ," ಅಂತ ಅತ್ತೆ. "ಆಕಿ ನಕ್ಕಳು. ನಾ ಖರೇನ ಹಂಗ ಅಂದೆ ಅಂತ ತಿಳಕೊಂಡಾಳ. ಆಕಿ ಹೋದ್ರ ನಾ ಒಬ್ಬಾಕಿ ಆಗ್ತೀನಿ."

"ಇದಕ್ಕ ಸಿಟ್ಟ ಅಂತಾರೇನು?"

"ಇಲ್ಲ."

"ಹೊಟ್ಟಿಕಿಚ್ಚ ಅಂತಾರೇನು?"

"ಇಲ್ಲ. ಅಂಜಿಕಿ. ಅಂಜಿಕೀನೂ ಅಲ್ಲ... ಆಕಿ ಮ್ಯಾಲ ಭಾಳ ಜೀವ ಐತಿ ಆಯಿ."

"ಹೂಂ," ಅಂದಳು ಆಯಿ, ಈ ಸಲ ಎರಡು ಹಿಡಿ ಕಾಳು ಹಾಕಿದಳು. "ಮ್ಯಾಲಿನ ಹೊಟ್ಟು ತೂರಿದ ಮ್ಯಾಲ ಕೆಳಗ ಕಾಳ ಸಿಗ್ತೈತಿ. ಇದನ್ನ ಹೇಳಬೇಕಾದಾಕಿ ನಾ ಅಲ್ಲ, ಕಲ್ಲೂ ಅಲ್ಲ. ಆಕಿ ಹೋಗೂದ್ರಾಗ ಆಕಿಗೇ ಹೇಳು."

ಹೇಳಲು ಲಗ್ನಕ್ಕೆ ಹತ್ತು ದಿನ ಉಳಿದಿದ್ದವು. ಅದರಲ್ಲಿ ಒಂಬತ್ತು ದಿನದಲ್ಲಿ ನಾನು ಅಕ್ಕನ ಹತ್ತಿರ ಹನ್ನೆರಡು ಸಲ ಹೋದೆ, ಹನ್ನೆರಡು ಸಲವೂ ಬೇರೆ ಏನನ್ನೋ ಹೇಳಿ ಬಂದೆ. "ನಿನ್ನ ಕುಬಸ ಒಣಗೇತಿ." "ಅವ್ವ ಕರಿಯಾಕತ್ತಾಳ." "ಬೆಕ್ಕ ಮರಿ ಹಾಕೇತಿ." ಅಕ್ಕ ಪ್ರತಿ ಸಲವೂ ಅದೇ ನಗು ನಕ್ಕು, "ಹೌದಾ?" ಅನ್ನುತ್ತಿದ್ದಳು. ಅವಳ ಸುತ್ತ ಯಾರಾದರೂ ಇದ್ದೇ ಇರುತ್ತಿದ್ದರು. ಯಾರೂ ಇಲ್ಲದಾಗಲೂ ನಾನು ಬೆಕ್ಕಿನ ಮರಿಯ ಲೆಕ್ಕವನ್ನೇ ಕೊಟ್ಟೆ. ಹನ್ನೊಂದು ವರ್ಷದ ಹುಡುಗಿಗೆ ತನ್ನ ಮನಸ್ಸು ಗೊತ್ತಾಗುವುದು ಒಂದು ಕಷ್ಟ, ಅದು ಗೊತ್ತಾದ ಮೇಲೆ ಬಾಯಿ ತೆಗೆಯುವುದು ಅದಕ್ಕಿಂತ ದೊಡ್ಡ ಕಷ್ಟ.

ಕಡೆಗೆ ಅರಿಷಿಣ ಬೀಸುವ ದಿನ ಬಂತು. ಬೀಸುಕಲ್ಲನ್ನು ತೊಳೆದು, ವಿಭೂತಿ ಹಚ್ಚಿ, ಪಡಸಾಲೆಯ ನಡುವೆ ಇಟ್ಟರು. ಮೂಡಲಗಿಯಿಂದ ಬೀಗತಿ ಮದುಮಗಳ ಸೀರೆ ತಗೊಂಡು ಬಂದಿದ್ದರು. ಅಕ್ಕ ಮಣೆಯ ಮೇಲೆ ನಗುತ್ತ ಕೂತಿದ್ದಳು. ಆಯಿ ಗಂಡನಿಲ್ಲದವಳು, ಶಾಸ್ತ್ರದ ಕಲ್ಲು ಮುಟ್ಟುವಂತಿರಲಿಲ್ಲ; ಅಡಿಗೆಮನೆಯ ಹೊಸ್ತಿಲ ಒಳಗೆ ಗೋಡೆಗೆ ಆತು ಕೂತಿದ್ದಳು. ಐದು ಮಂದಿ ಮುತ್ತೈದೆಯರು ಕುಟ್ಟಿದ ಅರಿಷಿಣ ಹಾಕಿ ಐದು ಸುತ್ತು ತಿರುಗಿಸಿ, ಶಾಸ್ತ್ರ ಮುಗಿಯಿತೆಂದು ಎದ್ದು ಎಲೆ ಅಡಿಕೆ ಹಾಕಿಕೊಂಡರು. ಶಾಸ್ತ್ರದ ಐದು ಸುತ್ತು ಮುತ್ತೈದೆಯರದು, ಉಳಿದ ಐನೂರು ಸುತ್ತು ಮನೆಯ ಹುಡುಗಿಯದು. ನನ್ನನ್ನು ಕರೆದು ಕೂರಿಸಿದರು. "ಸುಮ್ಮ ಬೀಸಬ್ಯಾಡ, ಒಂದ ಪದ ಹಾಡು," ಅಂತ ಯಾರೋ ಅಂದರು.

ಇವತ್ತಿಗೂ ನಾನು ನನ್ನನ್ನು ಬೈದುಕೊಳ್ಳುತ್ತೇನೆ, ಆದರೆ ತಪ್ಪು ನನ್ನೊಬ್ಬಳದೇ ಅಲ್ಲ. ಕಲ್ಲಿಗೆ ಹೇಳಿದ್ದು ಕಲ್ಲಿಗೆ ಅಂತ ಕಲಿಸಿದ್ದರು. ಪಡಸಾಲೆಯಲ್ಲಿ, ಬೀಗರ ಎದುರು, ಲಗ್ನದ ಮನೆಯಲ್ಲಿ ಈ ಕರಾರು ನಡೆಯುವುದಿಲ್ಲ ಅಂತ ಯಾರೂ ಹೇಳಿರಲಿಲ್ಲ. ಅಕ್ಕನಿಗೆ ಹೇಳಬೇಕಾದದ್ದನ್ನು ಈಗಲಾದರೂ ಹಾಡಿನಲ್ಲಿ ಹೇಳಿಬಿಡೋಣ ಅಂತ ಕಣ್ಣು ಮುಚ್ಚಿ ಗೂಟ ಎಳೆದೆ. ಕೈಗೆ ರೂಢಿ, ಬಾಯಿಗೂ ರೂಢಿ. ಮೊದಲು ಹೊರಟದ್ದು ದಿನಾ ಮೊದಲು ಹಾಡುತ್ತಿದ್ದದ್ದೇ.

ಮೂಡಲಗಿಯ ಬೀಗತಿ ಮೂಗುದ್ದ ಮಾಡ್ಕೊಂಡು
ನಮ್ಮಕ್ಕನ ಎತಗೊಂಡು ಹೊಂಟಾಳ, ಹಾದ್ಯಾಗ
ಗಾಡಿಯ ಕೀಲು ಕಳಚಲಿ!

ಕಣ್ಣು ತೆಗೆದೆ. ಪಡಸಾಲೆಯಲ್ಲಿ ಎಲೆ ಅಗಿಯುವ ಸಪ್ಪಳವೂ ನಿಂತಿತ್ತು. ಅವ್ವನ ಮುಖ ತೊಳೆದ ತಾಟಿನಷ್ಟು ಬೆಳ್ಳಗಾಗಿತ್ತು. ಮದುವೆ ಗಾಡಿಗೆ ಅಪಶಕುನ ನುಡಿದ ಹುಡುಗಿಗೆ ಏನು ಮಾಡುತ್ತಾರೆ ನನಗೆ ಗೊತ್ತಿರಲಿಲ್ಲ. ಔಡಲೆಣ್ಣೆಯಲ್ಲಿ ಮುಗಿಯುವ ಮಾತಲ್ಲ ಅಂತ ಮಾತ್ರ ಗೊತ್ತಿತ್ತು. ಲಗ್ನ ಮುರಿದರೆ? ಅಕ್ಕ ಮನೆಯಲ್ಲೇ ಉಳಿಯುತ್ತಾಳೆ ಅಂತ ಒಂದು ಗಳಿಗೆ ಖುಷಿಯಾಯಿತು, ಮರುಗಳಿಗೆ ಗೂಟ ಬಿಟ್ಟು ಏಳಲು ನೋಡಿದೆ.

ಬೀಗತಿ ಎದ್ದರು. ಸೆರಗು ಸಿಕ್ಕಿಸಿಕೊಂಡು ಬಂದು ನನ್ನ ಎದುರು ಕೂತು, ಗೂಟಕ್ಕೆ ಕೈ ಹಾಕಿದರು. ಅವರದು ಗಟ್ಟಿ ಕೈ. ಎರಡು ಸುತ್ತು ಸುಮ್ಮನೆ ತಿರುಗಿಸಿ, ಸ್ವಲ್ಪ ಒಡಕು ದನಿಯಲ್ಲಿ ಎತ್ತಿದರು.

ಕೀಲ ಕಳಚಿದರೇನ ಕಾಲಿಲ್ಲೇನ ನಮಗ
ನಡಕೋತ ಒಯ್ತೀವ ನಿಮ್ಮಕ್ಕನ, ಪಂಚಮಿಗಿ
ನಡಕೋತ ತಂದ ಬಿಡತೀವ!

ಹೆಂಗಸರೆಲ್ಲ ಹೋ ಅಂತ ನಕ್ಕರು. ಅವ್ವನ ಮುಖಕ್ಕೆ ಮತ್ತೆ ಕಳೆ ಬಂತು. "ನನ್ನ ಮೂಗ ಉದ್ದ ಐತಿ, ಖರೆ," ಅಂದರು ಬೀಗತಿ. "ಈ ಬೈಗಳದ ಕೆಳಗ ಇನ್ನೊಂದ ಏನೋ ಐತಲಾ ತಂಗಿ, ಅದನ್ನ ಹಾಡು." ಮೂಡಲಗಿಯಲ್ಲಿಯೂ ಬೀಸುಕಲ್ಲು ಇರುತ್ತದೆ ಎಂಬುದು ನನಗೆ ಆವತ್ತೇ ಹೊಳೆದದ್ದು.

ನಾನು ಅಕ್ಕನ ಕಡೆ ನೋಡಲಿಲ್ಲ. ನೋಡಿದ್ದರೆ ಬೆಕ್ಕಿನ ಮರಿಯನ್ನೇ ಹಾಡುತ್ತಿದ್ದೆ. ಕಲ್ಲಿನ ಬಾಯಿಯನ್ನು ನೋಡುತ್ತ ಹಾಡಿದೆ.

ಲಗೂ ಹೋಗ ಅಂದೆ ನಾ, ಲಗೂ ಹೋಗಬ್ಯಾಡ
ಗೂಟದ ಆ ಕಡಿಗೆ ಕೈಯಿಲ್ಲ, ಅಕ್ಕಯ್ಯ
ಒಬ್ಬಾಕಿ ಹೆಂಗ ಬೀಸಲಿ?

ಹಾಡಿ ಮುಗಿಸಿದ್ದಕ್ಕೆ ಗಂಟಲು ಹಗುರಾಯಿತು. ಆಗ ಅಕ್ಕನನ್ನು ನೋಡಿದೆ. ಒಂದು ತಿಂಗಳಿಂದ ಅವಳ ಮುಖದ ಮೇಲಿದ್ದ ಆ ನಗು ಅಲ್ಲಿ ಇರಲಿಲ್ಲ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಬಗ್ಗಿ, ಸಣ್ಣ ಹುಡುಗಿಯ ದನಿಯಲ್ಲಿ ಅಂದಳು, "ಆಯಿ, ನನಗೂ ಹೊಟ್ಟಿ ನೋಯಾಕತ್ತೈತಿ. ಭಾಳ ದಿನ ಆತು."

ನಾನು ಒಬ್ಬಾಕಿಯಾಗುತ್ತೇನೆಂದು ಇಡೀ ತಿಂಗಳು ಅತ್ತಿದ್ದೆ. ಅಕ್ಕನೋ ಊರನ್ನು, ಅವ್ವನನ್ನು, ಆಯಿಯನ್ನು, ನನ್ನನ್ನು, ಎಲ್ಲರನ್ನೂ ಬಿಟ್ಟು ಒಬ್ಬಾಕಿಯಾಗಿ ಹೋಗುವವಳು. ಅವಳನ್ನು ಯಾರೂ ಎಲ್ಲಿ ನೋಯುತ್ತದೆ ಅಂತ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವಳಿಗೆ ಕಲ್ಲೂ ಇರಲಿಲ್ಲ. ಅಂಗೈ ಕೆಟ್ಟೀತೆಂದು ಅದನ್ನು ನಾವೇ ಕಸಿದುಕೊಂಡಿದ್ದೆವು.

ಅವ್ವ ರೂಢಿಯಂತೆ ಅಜವಾನದ ಡಬ್ಬಿ ತರಲು ಎದ್ದಳು.

"ಡಬ್ಬಿ ಅಲ್ಲೇ ಇರ್ಲೆವಾ," ಅಂದಳು ಆಯಿ ಹೊಸ್ತಿಲ ಒಳಗಿನಿಂದ. "ಆಕಿಗೆ ಗೂಟ ಕೊಡ್ರಿ."

ಮದುಮಗಳು ಬೀಸಬಾರದು ಅಂತ ಒಬ್ಬಿಬ್ಬರು ಗುನುಗಿದರು. ಬೀಗತಿ ಎದ್ದು ಜಾಗ ಬಿಟ್ಟರು. ಅಕ್ಕ ಮಣೆಯಿಂದ ಇಳಿದು ಬಂದು ಆ ಕಡೆ ಕೂತಳು, ನನ್ನ ಕೈಯ ಮೇಲೆ ಕೈ ಇಟ್ಟಳು, ಕಲ್ಲು ಎಂದಿನ ಹಾಗೆ ತಿರುಗಿತು. ಮೂರು ಸುತ್ತು ಆದ ಮೇಲೆ ಅವಳು ಹಾಡತೊಡಗಿದಳು.

ನನ್ನ ಪದ ನನ್ನದು, ಬರೆದಿದ್ದೇನೆ. ಬೀಗತಿ ತಮ್ಮ ಪದವನ್ನು ಮೂಡಲಗಿಯ ಓಣಿ ಓಣಿಯಲ್ಲಿ ತಾವೇ ಹಾಡಿಕೊಂಡು ತಿರುಗಿದರು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಅಕ್ಕ ಆವತ್ತು ಏನು ಹಾಡಿದಳೆಂದು ಮಾತ್ರ ಬರೆಯುವುದಿಲ್ಲ. ಅದನ್ನು ಅವಳು ಕಲ್ಲಿಗೆ ಹೇಳಿದ್ದು. ನಾವು ಬೀಸಿದ ಅರಿಷಿಣವನ್ನು ಆಯಿಗೆ ಒಯ್ದು ತೋರಿಸಿದೆ. ಅವಳು ಚಿಟಿಕೆ ತಗೊಂಡು ಬೆರಳಲ್ಲಿ ತಿಕ್ಕಿದಳು, ತಿಕ್ಕುತ್ತಲೇ ಇದ್ದಳು. "ಭಾಳ ನುಣ್ಣಗ ಬಂದೈತಿ," ಅಂದಳು.